ಕುಸ್ವಾರ್

ಮಂಗಳೂರು ಸೀಮೆಯ ಕೊಂಕಣಿ ಕ್ಯಾಥೊಲಿಕರು ಕ್ರಿಸ್‌ಮಸ್‌ಗೆ ಮಾಡಿ ನೆರೆಹೊರೆಗೆ ಹಂಚುವ ತಿಂಡಿಗಳ ಒಟ್ಟು ಹೆಸರು. ಇವುಗಳಲ್ಲಿ ಹೆಚ್ಚಿನವು ಸಸ್ಯಾಹಾರ. ಎಳ್ಳು, ಕಾಯಿತುರಿ, ಸಕ್ಕರೆ, ಏಲಕ್ಕಿಯ ಹೂರಣ ತುಂಬಿದ ನೆವ್ರಿ, ತೆಂಗಿನಹಾಲಿನಲ್ಲಿ ಕಲಸಿದ ಅಕ್ಕಿಹಿಟ್ಟಿನ ಗುಂಡುಗಳಾದ ಗುಳಿಯೊ, ಚಕ್ಕುಲಿ, ಎಳ್ಳುಂಡೆ ಮುಖ್ಯವಾದವು. ಕಿಡಿಯೊ ಎಂಬ ಇನ್ನೊಂದು ತಿಂಡಿ ಮಾಡಲು ಮೈದಾ ಕಣಕದ ಚಿಕ್ಕ ಉಂಡೆಯನ್ನು ಫೋರ್ಕಿನ ಅಥವಾ ಬಾಚಣಿಗೆಯ ಹಲ್ಲುಗಳ ಮೇಲೆ ಒತ್ತಿ ಸುರುಳಿ ಸುತ್ತುತ್ತಾರೆ. ಕರಿದ ಮೇಲೆ ಸಕ್ಕರೆ ಪಾಕದಲ್ಲಿ ಹೊರಳಿಸುತ್ತಾರೆ. ಮನೆಮಂದಿಯೆಲ್ಲ ಕುಳಿತು ಮಾಡುವ ಈ ಕೆಲಸವೇ ಹಬ್ಬದ ನಿಜವಾದ ಆರಂಭ.

ಕುಸ್ವಾರಿನಲ್ಲೇ ಸೇರುವ, ಗುಲಾಬಿ ಹೂವಿನಾಕಾರದ ಕೊಕ್ಕಿಸಾಂ ಹಿಟ್ಟಿಗೆ ಸಾಮಾನ್ಯವಾಗಿ ಮೊಟ್ಟೆ ಸೇರುತ್ತದೆ. ಅದಿಲ್ಲದೆ ತೆಂಗಿನಹಾಲಿನಲ್ಲೂ ಮಾಡಬಹುದು. ಅಚ್ಚನ್ನು ಎಣ್ಣೆಯಲ್ಲಿ ಚೆನ್ನಾಗಿ ಕಾಯಿಸಿ, ಅದರ ಮೇಲಂಚು ಮುಳುಗದಂತೆ ಹಿಟ್ಟಿಗೆ ಅದ್ದಬೇಕು. ಮುಳುಗಿದರೆ ಹೂವು ಅಚ್ಚಿನಿಂದ ಬಿಡುವುದಿಲ್ಲ. ಹಾಗೆಯೇ ಮೊಟ್ಟೆಯಿಲ್ಲದ ಹಣ್ಣಿನ ಕೇಕಿಗೆ ಮೊಸರು ಮತ್ತು ಅಡುಗೆ ಸೋಡಾ ಬಳಸುತ್ತಾರೆ.

ತುಮಕೂರು ಜಿಲ್ಲೆಯ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಅಡುಗೆಮನೆಗೂ ಇಂಥ ತಿಂಡಿಗಳು ಅಪರಿಚಿತವಲ್ಲ. ನೆವ್ರಿ ಇಲ್ಲಿಯ ಕರ್ಜಿಕಾಯಿಯ ಹತ್ತಿರದ ನೆಂಟ. ಕರ್ಜಿಕಾಯಿಯ ಹೂರಣದಲ್ಲಿ ಹುರಿಗಡಲೆ, ಕೊಬ್ಬರಿ, ಬೆಲ್ಲ ಸೇರುವುದಷ್ಟೇ ವ್ಯತ್ಯಾಸ. ಶೇಂಗಾ ಬೆಳೆಯುವ ಈ ಒಣ ಸೀಮೆಯಲ್ಲಿ ಹುರಿದು ಕುಟ್ಟಿದ ಕಡಲೆಕಾಯಿ ಬೀಜವೂ ಹೂರಣಕ್ಕೆ ಚೆನ್ನಾಗಿ ಒಗ್ಗುತ್ತದೆ. ಅಕ್ಕಿಹಿಟ್ಟು, ಬೆಲ್ಲದ ಪಾಕದ ಕಜ್ಜಾಯವಂತೂ ಹಳೆ ಮೈಸೂರು ಭಾಗದಲ್ಲಿ ದೀಪಾವಳಿಗೂ ಕ್ರಿಸ್‌ಮಸ್‌ಗೂ ಸಲ್ಲುವ ತಿನಿಸು.