ಇಮೇಲ್ ವಿಳಾಸ ಮರೆಮಾಚುವಿಕೆ

ಜಾಲತಾಣದಲ್ಲಿರುವ ಇಮೇಲ್ ವಿಳಾಸ ಓದುಗರಿಗೆ ಕಾಣಬೇಕು, ಸ್ಪ್ಯಾಮ್ ಕಳುಹಿಸುವವರ ಬಾಟ್‌ಗಳಿಗೆ ಸಿಗಬಾರದು ಎಂಬ ಉದ್ದೇಶದಿಂದ ಬಳಸುವ ತಂತ್ರ. ಬಾಟ್‌ಗಳು ಪುಟದ ಎಚ್‌ಟಿಎಂಎಲ್ ಜಾಲಾಡಿ, @ ಚಿಹ್ನೆಯ ಆಚೀಚಿನ ಅಕ್ಷರಗಳನ್ನು ಹೆಕ್ಕುತ್ತವೆ. ಭಾರತದ ಅನೇಕ ಸರ್ಕಾರಿ ತಾಣಗಳು @ ಇರಬೇಕಾದಲ್ಲಿ ‘ಅಟ್’, ಚುಕ್ಕೆ ಇರಬೇಕಾದಲ್ಲಿ ‘ಡಾಟ್’ ಎಂದು ಆವರಣದೊಳಗೆ ಬರೆಯುವುದು ಇದೇ ಕಾರಣಕ್ಕೆ. ಅಮೆರಿಕದ ಸೆಂಟರ್ ಫಾರ್ ಡೆಮಾಕ್ರಸಿ ಅಂಡ್ ಟೆಕ್ನಾಲಜಿ 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೀಗೆ ಮರೆಮಾಚಿದ ವಿಳಾಸಗಳಿಗೆ ಒಂದೂ ಸ್ಪ್ಯಾಮ್ ಬಂದಿರಲಿಲ್ಲ. ಆದರೆ ‘ಅಟ್’ ಅನ್ನು @ ಆಗಿ ಬದಲಿಸಿಕೊಳ್ಳುವುದು ಬಾಟ್ ಬರೆಯುವವರಿಗೆ ಒಂದೇ ಸಾಲಿನ ಕೆಲಸ. ಈಗ ಅದೊಂದನ್ನೇ ನಂಬಿ ಕೂರಲಾಗದು. ಜಾಲತಾಣಗಳಿಗೆ ಭದ್ರತೆ ಒದಗಿಸುವ ಕ್ಲೌಡ್‌ಫ್ಲೇರ್ ಸೇವೆಯಲ್ಲಿ ವಿಳಾಸ ಗೂಢಾಕ್ಷರಗಳಾಗಿ ಸಾಗಿ, ಬ್ರೌಸರ್ ತಲುಪಿದ ಮೇಲೆ ಜಾವಾಸ್ಕ್ರಿಪ್ಟ್‌ನಿಂದ ಬಿಡಿಸಿಕೊಳ್ಳುತ್ತದೆ. ವಿಳಾಸವನ್ನು ಬರೀ ಚಿತ್ರವಾಗಿ ಹಾಕುವ ರೂಢಿಯನ್ನಂತೂ ಕೈಬಿಡಲೇಬೇಕು: ಸ್ಕ್ರೀನ್ ರೀಡರ್ ನೆಚ್ಚಿಕೊಂಡ ಅಂಧರಿಗೆ ಅದನ್ನು ಓದುವುದು ಕಷ್ಟ.