ಭಾಸ್ಕರರು ಎಷ್ಟು ಮಂದಿ?: ಒಂದೇ ಹೆಸರಿನ ವಿದ್ವಾಂಸರನ್ನು ಬೇರ್ಪಡಿಸುವ ಆಧಾರಗಳ ವಿವೇಚನೆ

ಪೀಠಿಕೆ

ಭಾರತೀಯ ಶಾಸ್ತ್ರ ಮತ್ತು ಕಾವ್ಯ ಪರಂಪರೆಯಲ್ಲಿ ಭಾಸ್ಕರ ಎಂಬ ಹೆಸರು ಕನಿಷ್ಠ ಆರು ಕಡೆ ಎದುರಾಗುತ್ತದೆ. ಕ್ರಿ.ಶ. 629ರಲ್ಲಿ ಆರ್ಯಭಟೀಯಕ್ಕೆ ಭಾಷ್ಯ ಬರೆದವನು ಒಬ್ಬ. ಬ್ರಹ್ಮಸೂತ್ರಗಳಿಗೆ ಭೇದಾಭೇದ ಮತದ ಭಾಷ್ಯ ರಚಿಸಿದ ವೇದಾಂತಿ ಇನ್ನೊಬ್ಬ. ಭೋಜರಾಜನಿಂದ 'ವಿದ್ಯಾಪತಿ' ಎಂಬ ಬಿರುದು ಪಡೆದ ಭಾಸ್ಕರಭಟ್ಟ ಮೂರನೆಯವನು. ಲೀಲಾವತಿ, ಬೀಜಗಣಿತಗಳ ಕರ್ತೃ ಭಾಸ್ಕರಾಚಾರ್ಯ ನಾಲ್ಕನೆಯವನು. 1424ರಲ್ಲಿ ಪೆನುಗೊಂಡೆಯಲ್ಲಿ ಭಾಮಿನಿ ಷಟ್ಪದಿಯಲ್ಲಿ ಜೀವಂಧರಚರಿತೆಯನ್ನು ರಚಿಸಿದ ಜೈನಕವಿ ಭಾಸ್ಕರ ಐದನೆಯವನು. ಲಲಿತಾಸಹಸ್ರನಾಮಕ್ಕೆ 'ಸೌಭಾಗ್ಯಭಾಸ್ಕರ'ವೆಂಬ ವ್ಯಾಖ್ಯಾನ ಬರೆದ ಹದಿನೆಂಟನೆಯ ಶತಮಾನದ ಭಾಸ್ಕರರಾಯ ಆರನೆಯವನು. ಮೊದಲನೆಯವನಿಗೂ ಕೊನೆಯವನಿಗೂ ನಡುವೆ ಸುಮಾರು ಹನ್ನೊಂದು ಶತಮಾನಗಳ ಅಂತರವಿದೆ.

ಇವರಲ್ಲಿ ವೇದಾಂತಿಯನ್ನೂ ಷಟ್ಪದಿಯ ಕವಿಯನ್ನೂ ಯಾರೂ ಒಬ್ಬನೇ ಎಂದು ಭ್ರಮಿಸುವುದಿಲ್ಲ. ಭಾಷೆ, ಮತ, ವಿಷಯ ಮೂರೂ ಬೇರೆಯಾದಲ್ಲಿ ಹೆಸರು ಒಂದಾದರೂ ತೊಡಕಾಗದು. ತೊಡಕು ಹುಟ್ಟುವುದು ಶಾಸ್ತ್ರವೂ ಒಂದೇ ಆದಾಗ, ಇಲ್ಲವೆ ಮನೆತನವೂ ಒಂದೇ ಆದಾಗ. ಭಾಸ್ಕರನ ಮಟ್ಟಿಗೆ ಈ ಎರಡು ಬಗೆಯ ತೊಡಕುಗಳೂ ಇವೆ. ಆ ಎರಡನ್ನೂ ಪರಿಶೀಲಿಸಿ, ವ್ಯಕ್ತಿನಿರ್ಣಯದಲ್ಲಿ ಯಾವ ಆಧಾರಕ್ಕೆ ಎಷ್ಟು ತೂಕ ಕೊಡಬೇಕೆಂದು ವಿವೇಚಿಸುವುದು ಈ ಲೇಖನದ ಉದ್ದೇಶ. ಹೆಸರೊಂದೇ ಆಧಾರವಾಗದು, ಅದರ ಜೊತೆಗೆ ಗೋತ್ರ ಸೇರಿದರೂ ಸಾಲದು, ಕಾಲ, ಪಿತೃಪರಂಪರೆ, ಪಂಥ ಇವು ಒಂದಕ್ಕೊಂದು ತಾಳೆಯಾದಾಗ ಮಾತ್ರ ತೀರ್ಮಾನ ನಿಲ್ಲುತ್ತದೆ ಎಂಬುದು ಇಲ್ಲಿನ ವಾದ.

ಇಬ್ಬರು ಗಣಿತಜ್ಞರು

ಇಂದು 'ಒಂದನೆಯ ಭಾಸ್ಕರ' ಎಂದು ಕರೆಯಲ್ಪಡುವವನ ಕೃತಿಗಳು ಮೂರು: ಮಹಾಭಾಸ್ಕರೀಯ, ಲಘುಭಾಸ್ಕರೀಯ ಮತ್ತು ಆರ್ಯಭಟೀಯ ಭಾಷ್ಯ. ಇವನ್ನು ಕೃಪಾಶಂಕರ ಶುಕ್ಲರು ಕ್ರಮವಾಗಿ 1960, 1963 ಮತ್ತು 1976ರಲ್ಲಿ ಸಂಪಾದಿಸಿ ಹೊರತಂದರು. ಅದಕ್ಕೆ ಮುನ್ನ 1930ರಲ್ಲೇ ಬಿಭೂತಿಭೂಷಣ ದತ್ತರು ಇಬ್ಬರು ಭಾಸ್ಕರರ ಪ್ರಶ್ನೆಯನ್ನು ಪ್ರತ್ಯೇಕ ಲೇಖನವೊಂದರಲ್ಲಿ ಚರ್ಚಿಸಿದ್ದರು. ಅಲ್ಲಿಯವರೆಗೆ ಭಾಸ್ಕರನೆಂದರೆ ಲೀಲಾವತಿಯ ಭಾಸ್ಕರನೆಂಬುದೇ ವಾಡಿಕೆಯಾಗಿತ್ತು. ಹಿರಿಯ ಭಾಸ್ಕರನ ಗ್ರಂಥಗಳು ಕೇರಳದ ಹಸ್ತಪ್ರತಿಗಳಲ್ಲಿ, ಅಲ್ಲಿನ ಜ್ಯೋತಿಷಿಗಳ ಪಾಠಪರಂಪರೆಯಲ್ಲಿ ಉಳಿದುಕೊಂಡಿದ್ದವು. ಲೀಲಾವತಿಯಾದರೋ ದೇಶದ ಉದ್ದಗಲಕ್ಕೂ ಪಾಠವಾಗುತ್ತಿತ್ತು.

ಇವರಿಬ್ಬರನ್ನು ಬೇರ್ಪಡಿಸಲು ಸಿಗುವ ಅತ್ಯಂತ ಸರಳ ಆಧಾರವೆಂದರೆ ವ್ಯಾಖ್ಯಾನದ ಕಾಲ. ಗೋವಿಂದಸ್ವಾಮಿ ಮಹಾಭಾಸ್ಕರೀಯಕ್ಕೆ ವ್ಯಾಖ್ಯಾನ ಬರೆದನು. ಅವನ ಶಿಷ್ಯ ಶಂಕರನಾರಾಯಣನು ಕೇರಳದ ಮಹೋದಯಪುರದಲ್ಲಿ ಕ್ರಿ.ಶ. 869ರಲ್ಲಿ ಲಘುಭಾಸ್ಕರೀಯಕ್ಕೆ ವಿವರಣೆ ಬರೆದನು. ಲೀಲಾವತಿಯ ಕರ್ತೃ ತಾನು ಶಕ 1036ರಲ್ಲಿ, ಎಂದರೆ ಕ್ರಿ.ಶ. 1114ರಲ್ಲಿ, ಹುಟ್ಟಿದೆನೆಂದೂ ತನ್ನ 36ನೆಯ ವಯಸ್ಸಿನಲ್ಲಿ ಸಿದ್ಧಾಂತಶಿರೋಮಣಿಯನ್ನು ರಚಿಸಿದೆನೆಂದೂ ತಾನೇ ಹೇಳಿಕೊಂಡಿದ್ದಾನೆ. ಹುಟ್ಟುವುದಕ್ಕೆ 245 ವರ್ಷ ಮೊದಲೇ ಒಬ್ಬನ ಗ್ರಂಥಕ್ಕೆ ವ್ಯಾಖ್ಯಾನ ಬರಲಾರದು. ಇಬ್ಬರು ಭಾಸ್ಕರರು ಇದ್ದರೆಂಬುದನ್ನು ಸಾಧಿಸಲು ಇಷ್ಟೇ ಸಾಕು.

ಆದರೆ ಇದು ಹೊರಗಿನ ಆಧಾರ. ಒಳಗಿನ ಆಧಾರ ಇನ್ನೂ ಸ್ವಾರಸ್ಯಕರವಾಗಿದೆ. ಆರ್ಯಭಟೀಯ ಭಾಷ್ಯದಲ್ಲಿ ಹಿರಿಯ ಭಾಸ್ಕರನು ತನ್ನ ಕಾಲದವರೆಗೆ ಸಂದುಹೋದ ಕಲ್ಪವರ್ಷಗಳನ್ನು 198 ಕೋಟಿ 61 ಲಕ್ಷ 23 ಸಾವಿರದ 730 ಎಂದು ಕೊಡುತ್ತಾನೆ. ಈ ಸಂಖ್ಯೆಯನ್ನು ಬಿಡಿಸಿ ನೋಡಬೇಕು. ಆರ್ಯಭಟನ ಮತದಲ್ಲಿ ಒಂದು ಮನ್ವಂತರಕ್ಕೆ 72 ಯುಗ. ಯುಗವೊಂದಕ್ಕೆ 43,20,000 ವರ್ಷ. ಅದರ ನಾಲ್ಕು ಪಾದಗಳೂ ಸಮಾನ. ಸಂದವು ಆರು ಮನ್ವಂತರ, 27 ಯುಗ, ಮೂರು ಪಾದ: ಒಟ್ಟು 459¾ ಯುಗ, ಎಂದರೆ 198 ಕೋಟಿ 61 ಲಕ್ಷ 20 ಸಾವಿರ ವರ್ಷ. ಉಳಿದ 3,730 ಕಲಿಯುಗದಲ್ಲಿ ಕಳೆದ ವರ್ಷಗಳು. ಹೀಗೆ ಕ್ರಿ.ಶ. 629 ಸಿದ್ಧವಾಗುತ್ತದೆ.

ಕಿರಿಯ ಭಾಸ್ಕರನೂ ಕಲ್ಪಾರಂಭದಿಂದ ವರ್ಷ ಎಣಿಸುತ್ತಾನೆ. ಸಿದ್ಧಾಂತಶಿರೋಮಣಿಯಲ್ಲಿ ಶಕಾರಂಭದ ಹೊತ್ತಿಗೆ ಸಂದ ವರ್ಷಗಳು 197 ಕೋಟಿ 29 ಲಕ್ಷ 47 ಸಾವಿರದ 179. ಇದು ಬ್ರಹ್ಮಗುಪ್ತನ ಲೆಕ್ಕ. ಅಲ್ಲಿ ಮನ್ವಂತರಕ್ಕೆ 71 ಯುಗ, ನಡುನಡುವೆ ಸಂಧಿಕಾಲ, ಯುಗಪಾದಗಳು ಕೃತ, ತ್ರೇತಾ, ದ್ವಾಪರ, ಕಲಿಗಳಿಗೆ 4:3:2:1ರ ಪ್ರಮಾಣದಲ್ಲಿ. ಕಲಿಯುಗದ ಆರಂಭಕ್ಕೆ ತಂದು ಹೋಲಿಸಿದರೆ ಎರಡು ಲೆಕ್ಕಗಳ ನಡುವೆ 1 ಕೋಟಿ 31 ಲಕ್ಷ 76 ಸಾವಿರ ವರ್ಷಗಳ ವ್ಯತ್ಯಾಸ ಬೀಳುತ್ತದೆ. ಒಬ್ಬನೇ ಲೇಖಕ ಒಂದೇ ಶಾಸ್ತ್ರದ ಬುನಾದಿಯಲ್ಲಿ ಇಂಥ ಎರಡು ಮಾನಗಳನ್ನು ತನ್ನವೆಂದು ಇಟ್ಟುಕೊಳ್ಳಲಾರ. ಹಿರಿಯ ಭಾಸ್ಕರನದು ಆರ್ಯಪಕ್ಷ, ಕಿರಿಯನದು ಬ್ರಹ್ಮಪಕ್ಷ. ಇಬ್ಬರ ಕಾಲ ಹೇಳುವ ಹೊರಗಿನ ದಾಖಲೆಗಳು ಕಳೆದುಹೋಗಿದ್ದರೂ ಈ ಸಂಖ್ಯೆಗಳೇ ಅವರನ್ನು ಬೇರೆ ಮಾಡುತ್ತಿದ್ದವು.

ಇದಕ್ಕೆ ವಿರುದ್ಧವಾಗಿ, ಇಬ್ಬರಲ್ಲೂ ಸಮಾನವಾಗಿರುವ ಒಂದು ಸೂತ್ರವೂ ಉಂಟು. ಮಹಾಭಾಸ್ಕರೀಯದ ಏಳನೆಯ ಅಧ್ಯಾಯದಲ್ಲಿ ಜ್ಯಾಕೋಷ್ಟಕದ ನೆರವಿಲ್ಲದೆ ಜ್ಯಾಮಾನ ಪಡೆಯುವ ವಿಧಾನವಿದೆ. ಕೋನದ ಅಂಶವನ್ನು 180ರಿಂದ ಕಳೆದು, ಉಳಿದುದನ್ನು ಆ ಅಂಶದಿಂದಲೇ ಗುಣಿಸಬೇಕು. ಬಂದ ಗುಣಲಬ್ಧದ ನಾಲ್ಕರಷ್ಟನ್ನು, 40,500ರಿಂದ ಆ ಗುಣಲಬ್ಧವನ್ನು ಕಳೆದುಳಿದುದರಿಂದ ಭಾಗಿಸಬೇಕು. 30 ಅಂಶಕ್ಕೆ ಗುಣಲಬ್ಧ 4,500. 18,000ವನ್ನು 36,000ದಿಂದ ಭಾಗಿಸಿದರೆ ಸರಿಯಾಗಿ ಅರ್ಧ. 45 ಅಂಶಕ್ಕೆ 0.7059 ಬರುತ್ತದೆ, ನಿಜಮಾನ 0.7071. ಇದೇ ಸೂತ್ರ ರೂಪಾಂತರ ಹೊಂದಿ ಲೀಲಾವತಿಯಲ್ಲಿ ವೃತ್ತದ ಜ್ಯೆಯನ್ನು ಕಂಡುಹಿಡಿಯುವ ನಿಯಮವಾಗಿ ಬರುತ್ತದೆ. ಹೆಸರೂ ಒಂದು, ಸೂತ್ರವೂ ಒಂದು. ಆದಕಾರಣ ಕರ್ತೃವೂ ಒಬ್ಬನೆಂದರೆ ತಪ್ಪಾಗುತ್ತದೆ. ಏಕೆಂದರೆ ಬ್ರಹ್ಮಗುಪ್ತನಲ್ಲೂ ಈ ಸೂತ್ರವಿದೆ. ಗಣಿತದ ನಿಯಮಗಳು ಪಂಥ ದಾಟಿ ಸಂಚರಿಸುತ್ತವೆ. ಕಾಲಗಣನೆಯ ಮೂಲಮಾನಗಳು ಹಾಗೆ ಸುಲಭವಾಗಿ ದಾಟುವುದಿಲ್ಲ. ಕರ್ತೃನಿರ್ಣಯಕ್ಕೆ ಎರಡನೆಯದರ ತೂಕವೇ ಹೆಚ್ಚು.

ಒಂದೇ ಮನೆಯ ಇಬ್ಬರು ಭಾಸ್ಕರರು

ಮಹಾರಾಷ್ಟ್ರದ ಚಾಳೀಸಗಾಂವ್ ಬಳಿಯ ಪಾಟಣದಲ್ಲಿ ದೊರೆತ ಶಾಸನವನ್ನು ಭಾವು ದಾಜಿಯವರು 1865ರಲ್ಲಿ ವಿದ್ವಲ್ಲೋಕದ ಗಮನಕ್ಕೆ ತಂದರು. 1207ರ ಈ ಶಾಸನ ಯಾದವ ದೊರೆ ಸಿಂಘಣನ ಕಾಲದ್ದು. ಭಾಸ್ಕರಾಚಾರ್ಯನ ಮೊಮ್ಮಗ ಚಂಗದೇವನು ಸಿದ್ಧಾಂತಶಿರೋಮಣಿ ಮೊದಲಾದ ಗ್ರಂಥಗಳ ಪಾಠಕ್ಕಾಗಿ ಮಠವೊಂದನ್ನು ಸ್ಥಾಪಿಸಿದ ವಿಷಯ ಇದರಲ್ಲಿದೆ. ಶಾಸನ ಕೊಡುವ ವಂಶಾವಳಿ ಹೀಗಿದೆ: ಶಾಂಡಿಲ್ಯ ವಂಶದ ಕವಿಚಕ್ರವರ್ತಿ ತ್ರಿವಿಕ್ರಮ, ಭೋಜನಿಂದ ವಿದ್ಯಾಪತಿ ಬಿರುದು ಪಡೆದ ಭಾಸ್ಕರಭಟ್ಟ, ಗೋವಿಂದ, ಪ್ರಭಾಕರ, ಮನೋರಥ, ಮಹೇಶ್ವರ, ಭಾಸ್ಕರ, ಲಕ್ಷ್ಮೀಧರ, ಚಂಗದೇವ.

ಇಲ್ಲಿ ಭಾಸ್ಕರಾಚಾರ್ಯನಿಂದ ಐದು ತಲೆ ಹಿಂದೆ ಇನ್ನೊಬ್ಬ ಭಾಸ್ಕರನಿದ್ದಾನೆ. ಹೆಸರು, ಗೋತ್ರ, ವಂಶ, ವಿದ್ವತ್ತು ಎಲ್ಲವೂ ಸಮಾನ. 'ಶಾಂಡಿಲ್ಯ ಗೋತ್ರದ ಪಂಡಿತ ಭಾಸ್ಕರ' ಎಂದಷ್ಟೇ ಬರೆದ ಓಲೆಯೊಂದು ಸಿಕ್ಕರೆ ಅದು ಯಾರನ್ನು ಕುರಿತದ್ದೆಂದು ನಿರ್ಧರಿಸಲಾಗದು. ಇಲ್ಲಿ ನೆರವಿಗೆ ಬರುವವು ತಂದೆಯ ಹೆಸರು ಮತ್ತು ಬಿರುದು ಮಾತ್ರ. ಗೋತ್ರದ ಆಧಾರ ಎಲ್ಲಿಯವರೆಗೆ ನಡೆಯುತ್ತದೆ, ಎಲ್ಲಿ ನಿಲ್ಲುತ್ತದೆ ಎಂಬುದಕ್ಕೆ ಇದು ನೇರ ನಿದರ್ಶನ.

ಇದೇ ವಂಶಾವಳಿಯ ಮೊದಲ ಹೆಸರು ಇನ್ನೊಂದು ಸಮಸ್ಯೆಯನ್ನು ತಂದಿದೆ. ನಳಚಂಪುವಿನ ಕರ್ತೃ ತ್ರಿವಿಕ್ರಮಭಟ್ಟನೂ ಶಾಂಡಿಲ್ಯ ವಂಶದವನು. ಆದ್ದರಿಂದ ಅವನೇ ಭಾಸ್ಕರಾಚಾರ್ಯನ ಪೂರ್ವಜನೆಂಬ ಅಭಿಪ್ರಾಯ ಪ್ರಚಾರದಲ್ಲಿದೆ. ನೇಮಾದಿತ್ಯನ ಮಗನಾದ ಈ ತ್ರಿವಿಕ್ರಮಭಟ್ಟನು ರಾಷ್ಟ್ರಕೂಟ ಮೂರನೆಯ ಇಂದ್ರನ 915ರ ತಾಮ್ರಶಾಸನಗಳನ್ನು ರಚಿಸಿದವನು. ಆಗ ಅವನಿಗೆ 25 ವರ್ಷವಾಗಿತ್ತೆಂದು ಇಟ್ಟುಕೊಂಡರೂ ಹುಟ್ಟಿದ್ದು 890ರ ಸುಮಾರಿಗೆ. ಅಲ್ಲಿಂದ 1114ರವರೆಗೆ ಆರು ತಲೆಮಾರು ಹಂಚಿದರೆ ತಲೆಗೆ 37 ವರ್ಷ ಬೀಳುತ್ತದೆ. ಇದು ಅಸಾಧ್ಯವೇನಲ್ಲ. ಆದರೆ ಅದೇ ಲೆಕ್ಕದಲ್ಲಿ ಅವನ ಮಗ ಭಾಸ್ಕರಭಟ್ಟ 927ರ ಹೊತ್ತಿಗೆ ಹುಟ್ಟಿರಬೇಕು. ಧಾರೆಯ ಪರಮಾರ ಭೋಜ ಪಟ್ಟಕ್ಕೆ ಬಂದದ್ದು 1010ರ ಸುಮಾರಿಗೆ. ಎಂಬತ್ತು ದಾಟಿದ ಮೇಲೆ ಬಿರುದು ಪಡೆದನೆಂದು ಹೇಳಬೇಕಾಗುತ್ತದೆ. ತಲೆಮಾರಿಗೆ 25ರಿಂದ 30 ವರ್ಷ ಹಿಡಿದರೆ ಭಾಸ್ಕರಭಟ್ಟನ ಜನನ 964-989ರ ನಡುವೆ ಬಂದು ಭೋಜನ ಕಾಲಕ್ಕೆ ಸಲೀಸಾಗಿ ಹೊಂದುತ್ತದೆ. ಅವನ ತಂದೆ 915ರ ವೇಳೆಗೆ ಹುಟ್ಟಿಯೇ ಇರಲಾರ. ಹೆಸರೂ ಗೋತ್ರವೂ ಕೂಡಿಬಂದರೂ ಕಾಲ ಒಪ್ಪದ ಕಾರಣ, ಇಬ್ಬರು ತ್ರಿವಿಕ್ರಮರು ಬೇರೆ ಬೇರೆ ಎನ್ನುವುದೇ ಯುಕ್ತ.

ಖಾನದೇಶದ ಬಹಾಳದಲ್ಲಿರುವ 1222ರ ಶಾಸನ ಈ ಮನೆತನದ ಇನ್ನೊಂದು ಕವಲನ್ನು ಪರಿಚಯಿಸುತ್ತದೆ. ಅದರ ಪ್ರಕಾರ ಮಹೇಶ್ವರನಿಗೆ ಶ್ರೀಪತಿ ಎಂಬ ಇನ್ನೊಬ್ಬ ಮಗನಿದ್ದನು. ಅವನ ಮೊಮ್ಮಗ ಅನಂತದೇವ ಸಿಂಘಣನ ಜ್ಯೋತಿಷಿ. ಸಿದ್ಧಾಂತಶೇಖರದ ಕರ್ತೃ ಶ್ರೀಪತಿಯೂ ಜ್ಯೋತಿಷಿಯೇ. ಆದರೆ ಅವನು ನಾಗದೇವನ ಮಗ, ಕೃತಿರಚನೆಯ ಕಾಲ ಹನ್ನೊಂದನೆಯ ಶತಮಾನದ ಮಧ್ಯಭಾಗ. ತಂದೆಯ ಹೆಸರೊಂದೇ ಇಲ್ಲಿ ಗೊಂದಲವನ್ನು ಬಗೆಹರಿಸುತ್ತದೆ.

ಊರಿನ ಹೆಸರು

ಭಾಸ್ಕರಾಚಾರ್ಯನು ತನ್ನ ಊರನ್ನು ಸಹ್ಯಪರ್ವತದ ಆಶ್ರಯದಲ್ಲಿರುವ ವಿಜ್ಜಡವಿಡ ಎಂದು ಹೇಳಿಕೊಂಡಿದ್ದಾನೆ. ಕನ್ನಡ ನಾಡಿನಲ್ಲಿ ಇದನ್ನು ವಿಜಯಪುರವೆಂದು ಗುರುತಿಸುವ ರೂಢಿ ಇದೆ. ಪಠ್ಯಪುಸ್ತಕಗಳಿಗೂ ಅದು ಹಬ್ಬಿದೆ. ಈ ಗುರುತಿಸುವಿಕೆಯ ಮುಖ್ಯ ಬಲ ಉಚ್ಚಾರಣೆಯ ಹೋಲಿಕೆ. ವಿಜಯಪುರ ಸಹ್ಯಾದ್ರಿಯ ಮಗ್ಗುಲಲ್ಲಿಲ್ಲ. ಈ ಮನೆತನದ ಎರಡು ಶಾಸನಗಳೂ ಸಿಕ್ಕಿರುವುದು ಖಾನದೇಶದಲ್ಲಿ. ಶಾಸನಗಳು ವಂಶಸ್ಥರು ಹದಿಮೂರನೆಯ ಶತಮಾನದಲ್ಲಿ ಎಲ್ಲಿದ್ದರೆಂದು ಹೇಳುತ್ತವೆಯೇ ಹೊರತು ಭಾಸ್ಕರ ಎಲ್ಲಿ ಹುಟ್ಟಿದನೆಂದು ಹೇಳುವುದಿಲ್ಲ ಎಂಬ ಆಕ್ಷೇಪ ನ್ಯಾಯವಾದದ್ದೇ. ಆದರೂ ಪರ್ವತದ ಉಲ್ಲೇಖ ಭಾಸ್ಕರನದೇ ಮಾತು. ವ್ಯಕ್ತಿಗಳ ವಿಷಯದಲ್ಲಿ ನಾವು ಒಪ್ಪದ ನಾಮಸಾಮ್ಯದ ವಾದವನ್ನು ಊರಿನ ವಿಷಯದಲ್ಲಿ, ಅಭಿಮಾನಕ್ಕಾಗಿ, ಒಪ್ಪುವುದು ಸಲ್ಲದು.

ಕ್ರಮಸಂಖ್ಯೆಯ ಮಿತಿ

'ಒಂದನೆಯ', 'ಎರಡನೆಯ' ಎಂದು ಎಣಿಸುವ ಪದ್ಧತಿ ರಾಜವಂಶಗಳ ಚರಿತ್ರೆಯಿಂದ ಬಂದದ್ದು. ರಾಷ್ಟ್ರಕೂಟ ಮೂರನೆಯ ಕೃಷ್ಣನೆಂದಾಗ ಅದೇ ಸಿಂಹಾಸನದಲ್ಲಿ ಅವನಿಗಿಂತ ಮೊದಲು ಇಬ್ಬರು ಕೃಷ್ಣರು ಕೂತಿದ್ದರೆಂಬ ಅರ್ಥವಿದೆ. ವಿದ್ವಾಂಸರಿಗೆ ಇದನ್ನು ಹಚ್ಚಿದಾಗ ಇಲ್ಲದ ಸಂಬಂಧವೊಂದು ಓದುಗರ ಮನಸ್ಸಿನಲ್ಲಿ ಮೂಡುತ್ತದೆ. ಎರಡನೆಯ ಭಾಸ್ಕರ ಮೊದಲನೆಯವನ ಶಿಷ್ಯನಲ್ಲ, ವಂಶಜನಲ್ಲ, ಪಂಥದವನೂ ಅಲ್ಲ. ಅವನ ನಿಜವಾದ ಪೂರ್ವಜ ಭಾಸ್ಕರಭಟ್ಟನಿಗೆ ಈ ಎಣಿಕೆಯಲ್ಲಿ ಸ್ಥಾನವೇ ಇಲ್ಲ. 1979ರಲ್ಲಿ ಮತ್ತು 1981ರಲ್ಲಿ ಕಕ್ಷೆಗೆ ಸೇರಿದ ಭಾರತದ ಭಾಸ್ಕರ-1, ಭಾಸ್ಕರ-2 ಉಪಗ್ರಹಗಳಿಗೆ ಅಂಕಿ ಸರಿಯಾಗಿಯೇ ಒಪ್ಪುತ್ತದೆ. ಅವು ಒಂದೇ ಯೋಜನೆಯ ಕೂಸುಗಳು.

ಎಣಿಕೆ ಇಲ್ಲದ ಕಾಲದಲ್ಲಿ ಪರಂಪರೆ ಬೇರೆ ದಾರಿ ಹಿಡಿದಿತ್ತು. ನಾಗಚಂದ್ರ ತನ್ನನ್ನು ಅಭಿನವಪಂಪನೆಂದು ಕರೆದುಕೊಂಡು, ಹೆಸರಿನ ಜೊತೆಗೆ ತನ್ನ ಆದರ್ಶವನ್ನೂ ಹೇಳಿದನು. ಹಿರಿಯ ಭಾಸ್ಕರನ ಹೆಸರು ಗ್ರಂಥಗಳ ಹೆಸರಿನಲ್ಲೇ ಸೇರಿಕೊಂಡಿತು. ಕನ್ನಡದಲ್ಲೂ ಛಂದೋಂಬುಧಿಯ ನಾಗವರ್ಮ, ಕಾವ್ಯಾವಲೋಕನದ ನಾಗವರ್ಮ ಎಂದು ಕೃತಿಯ ಮೂಲಕ ಗುರುತಿಸುವುದು ಅಂಕಿಗಿಂತ ನಿಖರ. 978ರಲ್ಲಿ ತ್ರಿಷಷ್ಟಿಲಕ್ಷಣ ಮಹಾಪುರಾಣ ಬರೆದ ಚಾವುಂಡರಾಯನನ್ನೂ ಲೋಕೋಪಕಾರದ ಚಾವುಂಡರಾಯನನ್ನೂ ಬೇರ್ಪಡಿಸಲು ಈ ಕ್ರಮವೇ ಸಾಕು.

ಉಪಸಂಹಾರ

ಮೇಲಿನ ಪರಿಶೀಲನೆಯಿಂದ ಹೊರಡುವ ತೀರ್ಮಾನಗಳು ನಾಲ್ಕು. ಗ್ರಂಥಕಾರ ತಾನೇ ಹೇಳಿದ ಕಾಲ ಮತ್ತು ತಂದೆಯ ಹೆಸರು ಮೊದಲ ದರ್ಜೆಯ ಆಧಾರಗಳು. ಪಂಥಕ್ಕೆ ವಿಶಿಷ್ಟವಾದ ಮೂಲಮಾನಗಳು ಅವಕ್ಕೆ ಸಮನಾದವು. ಗೋತ್ರ ನಿರಾಕರಣೆಗೆ ಬಲವಾದ ಆಧಾರ, ಸಮರ್ಥನೆಗೆ ದುರ್ಬಲ: ಗೋತ್ರ ಬೇರೆಯಾದರೆ ವ್ಯಕ್ತಿ ಬೇರೆ, ಗೋತ್ರ ಒಂದಾದರೆ ಏನೂ ಸಿದ್ಧವಾಗದು. ಸಮಾನ ಸೂತ್ರ, ಸಮಾನ ವಿಷಯ, ಉಚ್ಚಾರಣೆಯ ಹೋಲಿಕೆಗಳು ಕೊನೆಯ ದರ್ಜೆಯವು. ಅವನ್ನೇ ನೆಚ್ಚಿ ವ್ಯಕ್ತಿಗಳನ್ನಾಗಲಿ ಊರುಗಳನ್ನಾಗಲಿ ಒಂದುಗೂಡಿಸಬಾರದು. ಹಸ್ತಪ್ರತಿ ಸೂಚಿಗಳನ್ನೂ ಕವಿಚರಿತೆಗಳನ್ನೂ ಪರಿಷ್ಕರಿಸುವವರು ಹೆಸರಿನ ಮುಂದೆ ಅಂಕಿಯೊಂದನ್ನು ಬರೆದು ಮುಗಿಸದೆ ತಂದೆ, ಗೋತ್ರ, ದೇಶ, ಕಾಲ, ಮುಖ್ಯ ಕೃತಿ ಈ ಐದನ್ನೂ ಲಭ್ಯವಿರುವಷ್ಟು ನಮೂದಿಸಲಿ. ಮುಂದಿನ ಸಂಶೋಧಕರ ಅರ್ಧ ಶ್ರಮ ಅದರಿಂದ ಉಳಿಯುತ್ತದೆ.