ಹೂಂಗುಟ್ಟುವವರ ದನಿ: ಕನ್ನಡ ಬ್ಲಾಗು ಬರವಣಿಗೆಯ ಚರಿತ್ರೆ ಮತ್ತು ಸಂಗ್ರಹದ ಪ್ರಶ್ನೆ

ಜಾನಪದ ಅಧ್ಯಯನವು ಹಳ್ಳಿಗಾಡಿನ ಮೌಖಿಕ ಪರಂಪರೆಗೆ ಮಾತ್ರ ಸೀಮಿತವಾದುದು ಎಂಬ ಗ್ರಹಿಕೆ ನಮ್ಮ ವಿದ್ವತ್ ವಲಯದಲ್ಲಿ ಬಹುಕಾಲ ಪ್ರಚಲಿತವಾಗಿತ್ತು. ಯಾವುದಾದರೊಂದು ಸಮಾನ ಅಂಶವನ್ನು ಹಂಚಿಕೊಂಡ ಯಾವ ಸಮೂಹವನ್ನಾದರೂ ‘ಜನಪದ’ ಎಂದು ಕರೆಯಬಹುದೆಂದು ಅಮೆರಿಕದ ವಿದ್ವಾಂಸ ಅಲನ್ ಡಂಡೆಸ್ 1965ರಲ್ಲಿ ಪ್ರತಿಪಾದಿಸಿದ ಮೇಲೆ ಈ ಗಡಿ ಸಡಿಲಗೊಂಡಿತು. ಅವರು ಕಾರ್ಲ್ ಪಾಗ್ಟರ್ ಅವರೊಡನೆ 1975ರಲ್ಲಿ ಪ್ರಕಟಿಸಿದ ಸಂಗ್ರಹದ ಸಾಮಗ್ರಿ ಹಳ್ಳಿಯ ಹಾಡಲ್ಲ, ಕಚೇರಿಗಳಲ್ಲಿ ನಕಲು ಯಂತ್ರದಿಂದ ಕೈಯಿಂದ ಕೈಗೆ ಹರಡುತ್ತಿದ್ದ ಹಾಸ್ಯದ ಹಾಳೆಗಳು. ಈ ದೃಷ್ಟಿಯಿಂದ ನೋಡಿದಾಗ, ಅಂತರಜಾಲದ ಬ್ಲಾಗು ಬರವಣಿಗೆಯೂ ಜಾನಪದ ವಿದ್ವಾಂಸರ ಗಮನಕ್ಕೆ ಅರ್ಹವಾದ ಕ್ಷೇತ್ರವೇ ಆಗಿದೆ. ಅದರ ಕನ್ನಡ ಚರಿತ್ರೆಯ ಕೆಲವು ಘಟ್ಟಗಳನ್ನು ಗುರುತಿಸಿ, ಸಂಗ್ರಹಕ್ಕೆ ಸಂಬಂಧಿಸಿದ ಒಂದು ಪ್ರಶ್ನೆಯನ್ನು ಎತ್ತುವುದು ಪ್ರಸ್ತುತ ಲೇಖನದ ಉದ್ದೇಶ.

‘ವೆಬ್‌ಲಾಗ್’ ಎಂಬ ಪದವು 1997ರಲ್ಲಿ ಬಳಕೆಗೆ ಬಂದಿತು. 1999ರಲ್ಲಿ ಅದು ‘ಬ್ಲಾಗ್’ ಎಂದು ಸಂಕ್ಷಿಪ್ತಗೊಂಡಿತು. ಅದೇ ವರ್ಷ ಆರಂಭವಾದ ಬ್ಲಾಗರ್ ಸೇವೆಯನ್ನು 2003ರಲ್ಲಿ ಗೂಗಲ್ ಸಂಸ್ಥೆ ಕೊಂಡುಕೊಂಡಿತು. ಇಂತಹ ಸೇವೆಗಳಿಂದಾಗಿ ತಂತ್ರಜ್ಞಾನದ ಪರಿಣತಿಯಿಲ್ಲದವರಿಗೂ ಖರ್ಚಿಲ್ಲದೆ ಬರೆದು ಪ್ರಕಟಿಸುವ ಅವಕಾಶ ಒದಗಿತು.

ಕನ್ನಡಿಗರಿಗೆ ಇದರ ಪ್ರಯೋಜನ ಒದಗಬೇಕಾದರೆ ಮೊದಲು ಲಿಪಿಯ ತೊಡಕು ನಿವಾರಣೆಯಾಗಬೇಕಾಗಿತ್ತು. 1998ರಲ್ಲಿ ಬಂದ ‘ಬರಹ’, ಅನಂತರ ಬಂದ ‘ನುಡಿ’ ತಂತ್ರಾಂಶಗಳು ಗಣಕದಲ್ಲಿ ಕನ್ನಡದ ಬಳಕೆಯನ್ನು ಮನೆಮನೆಗೆ ತಲುಪಿಸಿದವು. ಆದರೆ ಆ ಕಾಲದ ಅಕ್ಷರವಿನ್ಯಾಸಗಳಲ್ಲಿ ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ಆಕೃತಿಗಳನ್ನು ಕೂರಿಸಲಾಗುತ್ತಿತ್ತು. ಓದುಗನ ಗಣಕದಲ್ಲಿ ಅದೇ ವಿನ್ಯಾಸವಿಲ್ಲದಿದ್ದರೆ ಪುಟವು ಅರ್ಥಹೀನ ಚಿಹ್ನೆಗಳ ಸಾಲಾಗುತ್ತಿತ್ತು. ಶೋಧಯಂತ್ರಗಳಿಗೂ ಅದು ಕನ್ನಡವೆಂದು ತಿಳಿಯುತ್ತಿರಲಿಲ್ಲ. ಯೂನಿಕೋಡ್ ಶಿಷ್ಟತೆಯಲ್ಲಿ ಕನ್ನಡಕ್ಕೆ 1991ರಲ್ಲೇ ಸ್ಥಾನ ದೊರೆತಿದ್ದರೂ, ವಿಂಡೋಸ್ ಎಕ್ಸ್‌ಪಿ 2001ರಲ್ಲಿ ಬಂದ ಬಳಿಕವೇ ಅದು ಸಾಮಾನ್ಯ ಬಳಕೆದಾರನಿಗೆ ಎಟುಕತೊಡಗಿತು. 2003ರಲ್ಲಿ ಕನ್ನಡ ವಿಕಿಪೀಡಿಯ, 2005ರಲ್ಲಿ ‘ಸಂಪದ’ ಸಮುದಾಯ ತಾಣ ಆರಂಭವಾದವು. ಕನ್ನಡ ಬ್ಲಾಗುಗಳು ಹುಲುಸಾಗಿ ಬೆಳೆದುದು ಇದೇ ಕಾಲದಲ್ಲಿ.

ಈ ಬ್ಲಾಗುಗಳಲ್ಲಿ ಊರಿನ ನೆನಪು, ಅಜ್ಜಿಯ ಅಡುಗೆ, ಜಾತ್ರೆಯ ವರ್ಣನೆ, ಗಾದೆ, ಒಗಟು, ಅಡ್ಡಹೆಸರುಗಳ ಕಥೆ ಹೇರಳವಾಗಿದ್ದವು. ಮುದ್ರಿತ ಪತ್ರಿಕೆಗಳಲ್ಲಿ ಅಪರೂಪವಾಗಿದ್ದ ಹವ್ಯಕ ಕನ್ನಡ, ಕುಂದಾಪುರ ಕನ್ನಡ, ಧಾರವಾಡದ ಆಡುನುಡಿಗಳು ಇಲ್ಲಿ ಸಂಕೋಚವಿಲ್ಲದೆ ಕಾಣಿಸಿಕೊಂಡವು. ಇವುಗಳಿಗಿಂತ ಮುಖ್ಯವಾದುದು ಬರಹದ ಕೆಳಗೆ ಓದುಗರು ಬರೆಯುತ್ತಿದ್ದ ಪ್ರತಿಕ್ರಿಯೆ. ನಮ್ಮ ಕಥನ ಪರಂಪರೆಯಲ್ಲಿ ಕಥೆ ಹೇಳುವವರ ಎದುರು ‘ಹೂಂ’ಗುಟ್ಟುವವರು ಇರಲೇಬೇಕು, ಹೂಂಗುಟ್ಟುವಿಕೆ ನಿಂತರೆ ಕಥೆಯೂ ನಿಲ್ಲುತ್ತದೆ. ಬ್ಲಾಗಿನ ಪ್ರತಿಕ್ರಿಯೆ ಈ ಕೆಲಸವನ್ನೇ ಮಾಡಿತು. “ನಮ್ಮ ಕಡೆ ಇದನ್ನು ಬೇರೆ ರೀತಿ ಹೇಳುತ್ತಾರೆ” ಎಂದು ಓದುಗನೊಬ್ಬ ಬರೆದ ಕ್ಷಣದಲ್ಲಿ ಒಂದು ಪಾಠಾಂತರ ದಾಖಲಾಗುತ್ತಿತ್ತು.

ಈ ಸಂಗತಿ ನನ್ನ ಅನುಭವಕ್ಕೂ ಬಂದಿದೆ. ಸಂಶೋಧನ ವಿದ್ಯಾರ್ಥಿಯಾಗಿದ್ದಾಗ ಕ್ಷೇತ್ರಕಾರ್ಯದಲ್ಲಿ ದೊರೆತ ಒಗಟುಗಳನ್ನು ಒಂದು ಉಚಿತ ಸೇವೆಯ ಪುಟದಲ್ಲಿ ಪ್ರಕಟಿಸುತ್ತಿದ್ದೆ. ಬೇರೆ ಬೇರೆ ಜಿಲ್ಲೆಗಳ ಓದುಗರು, ಪರದೇಶದಲ್ಲಿ ನೆಲೆಸಿದ್ದ ಕೆಲವರು, ತಮ್ಮ ಮನೆಯ ಹಿರಿಯರಿಂದ ಕೇಳಿದ ರೂಪಗಳನ್ನು ಅಲ್ಲಿ ಸೇರಿಸಿದರು. ಕೆಲವು ವರ್ಷಗಳ ಅನಂತರ ಆ ಸೇವೆ ಮುಚ್ಚಿತು. ನಾನು ಸಂಗ್ರಹಿಸಿದ ಒಗಟುಗಳು ಟಿಪ್ಪಣಿ ಪುಸ್ತಕದಲ್ಲಿ ಸುರಕ್ಷಿತವಾಗಿದ್ದವು. ಓದುಗರು ಕೊಟ್ಟ ಪಾಠಾಂತರಗಳು ಮಾತ್ರ ಮರಳಿ ದೊರೆಯಲಿಲ್ಲ. ಅವುಗಳನ್ನು ಪ್ರತಿ ಮಾಡಿಟ್ಟುಕೊಳ್ಳಬೇಕೆಂದು ನನಗೆ ತೋಚಿರಲೇ ಇಲ್ಲ.

ಇದು ಒಬ್ಬರ ನಷ್ಟವಲ್ಲ. 2004ರಲ್ಲಿ ಆರಂಭವಾಗಿ ಭಾರತದಲ್ಲಿ ಅಪಾರ ಜನಪ್ರಿಯತೆ ಗಳಿಸಿದ ಆರ್ಕುಟ್ 2014ರ ಸೆಪ್ಟೆಂಬರ್ 30ರಂದು ಮುಚ್ಚಿತು. ಬ್ಲಾಗು ಬರೆಯುತ್ತಿದ್ದ ಅನೇಕರು ಫೇಸ್‌ಬುಕ್ ಮತ್ತು ವಾಟ್ಸ್‌ಆಪ್‌ಗೆ ಸರಿದುದರಿಂದ ಹಳೆಯ ಪುಟಗಳು ಅನಾಥವಾದವು. ಹೊಸ ಮಾಧ್ಯಮಗಳಲ್ಲಿ ಯಾವ ಬರಹ ಯಾರಿಗೆ ಕಾಣಬೇಕೆಂಬುದನ್ನು ಜಾಹೀರಾತು ಆಧಾರಿತ ಕಂಪನಿಗಳ ಗಣಕಸೂತ್ರಗಳು ಬಹುಮಟ್ಟಿಗೆ ನಿರ್ಧರಿಸುತ್ತವೆ. 2009ರಲ್ಲಿ ಫೇಸ್‌ಬುಕ್ ತಂದ ‘ಲೈಕ್’ ಗುಂಡಿಯೂ ಒಂದು ಬಗೆಯ ಹೂಂಗುಟ್ಟುವಿಕೆಯೇ. ಆದರೆ ಅದರಲ್ಲಿ ಪಾಠಾಂತರಕ್ಕೆ ಎಡೆಯಿಲ್ಲ.

ಮುದ್ರಿತ ಪುಸ್ತಕವನ್ನು ನಿಗದಿತ ಗ್ರಂಥಾಲಯಗಳಿಗೆ ಕಳುಹಿಸಬೇಕೆಂಬ ಕಾಯಿದೆ ಭಾರತದಲ್ಲಿ 1954ರಲ್ಲಿ ಬಂದಿತು. 1956ರ ತಿದ್ದುಪಡಿಯಿಂದ ವೃತ್ತಪತ್ರಿಕೆಗಳೂ ಅದರ ವ್ಯಾಪ್ತಿಗೆ ಸೇರಿದವು. ಅಂತರಜಾಲದ ಬರಹವನ್ನು ಆ ಕಾಯಿದೆ ಊಹಿಸಿರಲಿಲ್ಲ. ಬ್ರಿಟನ್ 2013ರಲ್ಲಿ ಜಾಲಪುಟಗಳನ್ನೂ ತನ್ನ ಗ್ರಂಥಾಲಯ ಠೇವಣಿ ನಿಯಮಕ್ಕೆ ಒಳಪಡಿಸಿತು. 1996ರಲ್ಲಿ ಸ್ಥಾಪನೆಯಾದ ಇಂಟರ್ನೆಟ್ ಆರ್ಕೈವ್ ಜಗತ್ತಿನ ಪುಟಗಳನ್ನು ಉಳಿಸುತ್ತ ಬಂದಿದೆಯಾದರೂ, ಅದರ ಯಂತ್ರಗಳು ಕೊಂಡಿಯಿಂದ ಕೊಂಡಿಗೆ ಸಾಗುವುದರಿಂದ ಹೆಚ್ಚು ಕೊಂಡಿಗಳಿಲ್ಲದ ಸಣ್ಣ ಪುಟಗಳು ತಪ್ಪಿಹೋಗುವುದುಂಟು.

ಹಲಸಂಗಿ ಗೆಳೆಯರು 1931ರಲ್ಲಿ ‘ಗರತಿಯ ಹಾಡು’ ಪ್ರಕಟಿಸಿದಾಗ ಬೀಸುಕಲ್ಲು ಇನ್ನೂ ಮನೆಗಳಲ್ಲಿ ತಿರುಗುತ್ತಿತ್ತು. ಹಾಡುವವರು ಇದ್ದಾಗಲೇ ಅವರು ಸಂಗ್ರಹಕ್ಕೆ ತೊಡಗಿದ್ದರಿಂದ ನಮಗೆ ಆ ಸಂಪತ್ತು ದಕ್ಕಿತು. ಕನ್ನಡ ಬ್ಲಾಗು ಬರೆದವರಲ್ಲಿ ಬಹುಮಂದಿ ಇಂದು ನಮ್ಮ ನಡುವೆಯೇ ಇದ್ದಾರೆ. ಅಕಾಡೆಮಿಗಳು, ವಿಶ್ವವಿದ್ಯಾಲಯಗಳ ಜಾನಪದ ವಿಭಾಗಗಳು ಅವರ ಅನುಮತಿ ಪಡೆದು, ಹಳೆಯ ವಿನ್ಯಾಸದ ಬರಹಗಳನ್ನು ಯೂನಿಕೋಡ್‌ಗೆ ಪರಿವರ್ತಿಸಿ, ದಿನಾಂಕಗಳೊಡನೆ ಸಂಗ್ರಹಿಸುವುದು ಅಸಾಧ್ಯವೇನಲ್ಲ. ಹಾಗೆ ಸಂಗ್ರಹಿಸುವಾಗ ಲೇಖನವನ್ನಷ್ಟೇ ಎತ್ತಿಕೊಂಡು ಪ್ರತಿಕ್ರಿಯೆಗಳನ್ನು ಬಿಟ್ಟರೆ, ಹಾಡನ್ನು ಬರೆದುಕೊಂಡು ಹಾಡಿದ ಸಂದರ್ಭವನ್ನು ಬಿಟ್ಟ ಹಿಂದಿನ ಹಲವು ಸಂಕಲನಗಳ ಕೊರತೆಯನ್ನೇ ನಾವು ಪುನರಾವರ್ತಿಸಿದಂತಾಗುತ್ತದೆ. ಹೇಳಿದವರ ಮಾತಿನೊಂದಿಗೆ ಹೂಂಗುಟ್ಟಿದವರ ದನಿಯೂ ಉಳಿದಾಗ ಮಾತ್ರ ಆ ಕಾಲದ ಕನ್ನಡ ಜನಜೀವನದ ದಾಖಲೆ ಪೂರ್ಣವಾಗುತ್ತದೆ.